ಕೆಂಪು ವೃತ್ತದೊಳಗಿನ ಹನ್ನೊಂದು ಚುಕ್ಕಿ

ಅಕ್ಕನ ಎರಡೂ ಕೈ ಸೇರಿಸಿದರೆ ಬೆರಳು ಏಳೇ. ಹೆಂಗಸರ ಜೈಲಿನಲ್ಲಿ ವಾರ್ಡರ್ ಆಗಿದ್ದಾಗ ಹೊಡೆದಾಟ ಬಿಡಿಸಲು ಹೋಗಿ, ಉಳಿದ ಮೂರನ್ನು ಕಬ್ಬಿಣದ ಬಾಗಿಲಿಗೆ ಕೊಟ್ಟಳು. ಆಸ್ಪತ್ರೆಯಿಂದ ಬಂದವಳೇ ಜೈಲಿನ ನಕ್ಷೆ ಹರಡಿ, ಅದುವರೆಗಿನ ಹೊಡೆದಾಟಗಳಲ್ಲಿ ರಕ್ತ ಬಿದ್ದ ಕಡೆಯೆಲ್ಲ ಚುಕ್ಕಿ ಇಟ್ಟಳು. ಅರ್ಧಕ್ಕರ್ಧ, ಗೋಡೆಯ ಮರೆಯಿಂದ ಕಾವಲಿನವರಿಗೆ ಕಾಣದ ಒಂದೇ ತಿರುವಿನಲ್ಲಿದ್ದವು. ಆ ಗೋಡೆ ಒಡೆಸುವವರೆಗೂ ಸಾಹೇಬರ ಬೆನ್ನು ಬಿಡಲಿಲ್ಲ.

ಆಮೇಲೆ ನಮ್ಮ ಕಚೇರಿಗೆ ಬಂದು ನಮಗೆಲ್ಲ ಅಕ್ಕನಾದಳು. ಬಿಡುಗಡೆಯಾದವರ ಕಾಲಿಗೆ ನಾವು ಪಟ್ಟಿ ಕಟ್ಟುತ್ತೇವೆ. ಅವರು ಎಲ್ಲಿ ಹೋದರೂ ಪರದೆಯ ನಕ್ಷೆಯಲ್ಲಿ ಚುಕ್ಕಿಯಾಗಿ ಕಾಣುತ್ತಾರೆ. ಹೆಂಡತಿಯ ತಲೆ ಒಡೆದು ಜೈಲಿಗೆ ಹೋಗಿದ್ದ ಬಡಗಿಯೊಬ್ಬನೂ ಅದರಲ್ಲಿದ್ದ. ಬದುಕುಳಿದ ಅವಳ ಮನೆಯ ಸುತ್ತ ಕೆಂಪು ವೃತ್ತ. ಅವನು ಅದರೊಳಗೆ ಕಾಲಿಟ್ಟರೆ ನಮ್ಮಲ್ಲಿ ಗಂಟೆ ಹೊಡೆಯುತ್ತದೆ. ಅವಳ ಜೀವ ನಿಂತಿದ್ದು ಆ ಗಂಟೆಯ ಮೇಲೆ.

ಆದರೆ ಚುಕ್ಕಿಗಳಿಗೆ ನಡುಕದ ರೋಗ. ಮನುಷ್ಯ ಮಲಗಿದ್ದರೂ ಸಿಗ್ನಲ್ ತಪ್ಪಿ ಅವು ಅತ್ತಿತ್ತ ಜಿಗಿಯುತ್ತವೆ. ಎರಡು ನಿಮಿಷದೊಳಗೆ ಗಂಟೆ ನಿಂತರೆ ‘ನಡುಕ’ ಎಂದು ಬರೆದು ಮುಚ್ಚುವುದು ನಮ್ಮ ರೂಢಿ. ಅಕ್ಕ ರಜೆಯಲ್ಲಿದ್ದಾಗ ಬಡಗಿಯ ಗಂಟೆ ದಿನಕ್ಕೊಂದರಂತೆ ಹನ್ನೊಂದು ಸಲ ಹೊಡೆಯಿತು. ಹನ್ನೊಂದು ಸಲವೂ ‘ನಡುಕ’ ಎಂದು ಬರೆದ ಮಹಾನುಭಾವ ನಾನು.

ಹನ್ನೆರಡನೆಯ ಬೆಳಿಗ್ಗೆ ಅಕ್ಕ ಅವನ್ನೆಲ್ಲ ಒಂದೇ ನಕ್ಷೆಯ ಮೇಲೆ ತೆರೆದಳು.

“ನಡುಕ ಆಗಿದ್ರೆ ನಾಲ್ಕೂ ಕಡೆ ಜಿಗೀಬೇಕಿತ್ತು ಕಣೋ. ಇದು ಒಂದೇ ಗಲ್ಲೀಲಿ ದಿನಕ್ಕೊಂದು ಮನೆಯಷ್ಟು ಅವಳ ಬಾಗಿಲ ಕಡೆಗೆ ಸರಿದಿದೆ. ಎಲ್ಲೀವರೆಗೂ ಬಂದ್ರೆ ನಾವು ಎದ್ದೇಳ್ತೀವಿ ಅಂತ ಅವನು ಅಳತೆ ತಗೋತಿದ್ದಾನೆ.”

ಅಷ್ಟರಲ್ಲಿ ಗಂಟೆ ಹೊಡೆಯಿತು. ಅಭ್ಯಾಸಬಲದಿಂದ ಮೌಸ್‌ಗೆ ಹೋದ ನನ್ನ ಕೈಗೆ ಅಕ್ಕ ಬಾರಿಸಿದಳು. ಪೊಲೀಸರಿಗೆ ಫೋನ್ ಮಾಡು ಎಂದು ನನಗೆ ಹೇಳಿ, ತಾನು ಬಡಗಿಯ ಹೆಂಡತಿಗೆ ಮಾಡಿದಳು.

“ಅಗುಳಿ ಹಾಕ್ಕೋ ತಂಗಿ. ಬಾಗಿಲ ಹತ್ರ ನಿಲ್ಬೇಡ.”

ಹಲಗೆ ಸೀಳುವ ಸದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ ಅವಳ ಕೂಗು. ಆಮೇಲೆ ಕೊಡಲಿ ಒದ್ದೆಯಾದ ಏನಕ್ಕೋ ಬಡಿದ ಸದ್ದು, ಮತ್ತೆ ಮತ್ತೆ. ಆರು ನಿಮಿಷಕ್ಕೆ ಪೊಲೀಸರು ಬಂದು ಲಾಠಿಯಿಂದ ಅವನ ಮೊಣಕಾಲು ಮುರಿದು ಕೆಡವಿದರು. ಅಷ್ಟರಲ್ಲಿ ಅಡ್ಡ ಹಿಡಿದಿದ್ದ ಅವಳ ಎಡಗೈ ಮಣಿಕಟ್ಟಿನಿಂದ ತುಂಡಾಗಿತ್ತು. ಜೀವ ಉಳಿಯಿತು.

ಎರಡು ತಿಂಗಳ ಮೇಲೆ ಅವಳು ಕಚೇರಿಗೆ ಬಂದು, ನಕ್ಷೆ ತೋರಿಸಿ ಎಂದಳು. ಹನ್ನೊಂದು ಚುಕ್ಕಿ ತೋರಿಸಿದೆ. ‘ನಡುಕ’ ಎಂದು ಬರೆದವನು ನಾನೇ ಎಂದೂ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಕಡೇ ನಾಲ್ಕು ದಿನ ಗಲ್ಲೀಲಿ ಅವನ ಕೆಮ್ಮು ಕೇಳಿಸ್ತಿತ್ತು ಅಣ್ಣ,” ಎಂದಳು. “ಪೊಲೀಸ್‌ನವರಿಗೆ ಫೋನ್ ಮಾಡೋಣ ಅಂತ ಕೈಗೆ ತಗೊಂಡೆ. ನೀವು ನೋಡ್ತಿರ್ತೀರಲ್ಲ ಅಂತ ಸುಮ್ನಾದೆ.”