ನಾಲ್ಕಡಿ ಮೇಲಕ್ಕೆ ಏರಿದ ಮೋಟಾರು

ತಗ್ಗಿನ ಬೀದಿಗಳಲ್ಲಿ ನಿಲ್ಲುವ ಮಳೆನೀರನ್ನು ಹೊರಹಾಕುವ ಪಂಪ್‌ಹೌಸಿಗೆ ಹದಿನೆಂಟು ವರ್ಷಗಳಿಂದ ಅವಳೇ ಆಪರೇಟರು. ಸುತ್ತಲಿನ ಜನ ಅವಳ ಹೆಸರನ್ನೇ ಮರೆತು ಪಂಪಕ್ಕ ಎನ್ನುತ್ತಿದ್ದರು. ಮೊದಲೆಲ್ಲ ಮಳೆ ಎರಡು ದಿನ ಹದವಾಗಿ ಸುರಿದು ಹೋಗುತ್ತಿತ್ತು. ಈಗ ತಿಂಗಳ ಮಳೆ ಒಂದೇ ಮಧ್ಯಾಹ್ನ ಕೊಡ ಮಗುಚಿದಂತೆ ಬೀಳುತ್ತದೆ. ಬೀದಿಗಿಂತ ಮೊದಲು ಪಂಪ್‌ಹೌಸಿನ ಗುಂಡಿಯೇ ತುಂಬಿ, ಅದರ ತಳದಲ್ಲಿರುವ ಮೋಟಾರು ಮುಳುಗಿ ಸುಟ್ಟುಹೋಗುತ್ತದೆ. ನೀರೆತ್ತಬೇಕಾದದ್ದೇ ನೀರು ಕುಡಿದು ಮಲಗಿದರೆ ಯಾರಿಗೆ ಹೇಳುವುದು?

ಮೋಟಾರನ್ನು ನಾಲ್ಕಡಿ ಮೇಲೆ ಕೂರಿಸಿ ಎಂದು ಇಲಾಖೆಗೆ ಅರ್ಜಿ ಬರೆದೂ ಬರೆದೂ ಅವಳಿಗೆ ಸಾಕಾಗಿತ್ತು. ಉತ್ತರವಾಗಿ ಬಂದದ್ದು ತರಬೇತಿ. ಬದಲಾದ ಹವಾಮಾನವನ್ನು ಎದುರಿಸಲು ಈ ಭಾಗದ ಸಾಮರ್ಥ್ಯ ಹೆಚ್ಚಿಸುವ ತರಬೇತಿ, ಐದು ವರ್ಷದಲ್ಲಿ ಆರು ಸಲ. ಪ್ರತಿ ಸಲವೂ ಪರದೆಯ ಮೇಲೆ ಭೂಗೋಳ ಬೆವರು ಒರೆಸಿಕೊಳ್ಳುವ ಅದೇ ಚಿತ್ರ.

ಆರನೆಯ ಸಲ ತರಬೇತುದಾರ ಎಲ್ಲರಿಗೂ ಬಣ್ಣದ ಚೀಟಿ ಹಂಚಿ, ನಿಮ್ಮಲ್ಲಿನ ಕೊರತೆ ಬರೆದು ಗೋಡೆಗೆ ಅಂಟಿಸಿ ಎಂದ. ಅವಳು ಅದೇ ನಾಲ್ಕಡಿಯ ಮಾತು ಬರೆದಳು.

"ತುಂಬಾ ಚೆನ್ನಾಗಿದೆ ಮೇಡಂ! ವರದಿಗೆ ಸೇರಿಸ್ತೀವಿ."

"ವರದಿನ ಗುಂಡಿಗೆ ಇಳಿಬಿಟ್ರೆ ನೀರು ಹೀರುತ್ತಾ ಸಾರ್?"

ಸಭಾಂಗಣದಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಊಟಕ್ಕೂ ನಿಲ್ಲದೆ ನೇರ ಅಕ್ಕನ ಗಂಡನ ವೆಲ್ಡಿಂಗ್ ಅಂಗಡಿಗೆ ನಡೆದಳು.

"ಭಾವ, ನಾಲ್ಕಡಿ ಎತ್ತರದ ಒಂದು ಕಬ್ಬಿಣದ ಸ್ಟ್ಯಾಂಡ್ ಬೇಕು. ಮೋಟಾರಿಗೆ."

"ಆರ್ಡರ್ ಬಂತಾ?"

"ಅದು ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ಮಾಡ್ಕೊಡ್ತೀರೋ ಇಲ್ವೋ ಹೇಳಿ."

"ಸುಮ್ನೆ ಕೆಲಸಕ್ಕೆ ಕುತ್ತು ತಂದ್ಕೋತೀಯ ಕಣಮ್ಮ" ಎಂದು ಗೊಣಗುತ್ತಲೇ ಭಾವ ಅಳತೆಯ ಟೇಪು ಕೈಗೆತ್ತಿಕೊಂಡ.

ಭಾನುವಾರ ಇಬ್ಬರೂ ಸೇರಿ ಸರಪಳಿ ಹಾಕಿ ಮೋಟಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಒಮ್ಮೆ ಸರಪಳಿ ಜಾರಿ ಅವಳ ಅಂಗೈ ತರಚಿತು. ನೀರೆಳೆಯುವ ಪೈಪನ್ನು ಉದ್ದ ಮಾಡಿ, ಸ್ವಿಚ್ಚನ್ನು ಗೋಡೆಯ ಮೇಲ್ಭಾಗಕ್ಕೆ ಏರಿಸಿದರು.

ಮೂರು ವಾರ ಕಳೆಯುವಷ್ಟರಲ್ಲಿ ಆಕಾಶವೇ ಹರಿದು ಬಿತ್ತು. ಗುಂಡಿಯಲ್ಲಿ ನೀರು ಒಂದಡಿ, ಎರಡಡಿ, ಮೂರಡಿ ಏರಿತು. ಅವಳು ಏರಿದಷ್ಟಕ್ಕೂ ಗೋಡೆಯ ಮೇಲೆ ಗೀಟು ಹಾಕುತ್ತ ನಿಂತಳು. ಮೋಟಾರು ಕೆಮ್ಮಲೂ ಇಲ್ಲ. ಸಂಜೆಗೆಲ್ಲ ಬೀದಿಯ ನೀರು ಬರಿದಾಗಿತ್ತು. ಎದುರಿನ ಟೈಲರು, ಹೊಲಿಗೆ ಯಂತ್ರವನ್ನು ಈ ಸಲ ಮೇಜಿನ ಮೇಲೆ ಎತ್ತಿಡಲಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ.

ಮರುವಾರ ನೋಟೀಸು ಬಂತು: ಅನುಮತಿಯಿಲ್ಲದೆ ಯಂತ್ರವನ್ನು ಸ್ಥಳಾಂತರಿಸಿದ್ದು ಏಕೆ? ಸಿಟ್ಟಿನಲ್ಲಿ ಮೂರು ಪುಟ ಬರೆದಳು, ಹರಿದಳು, ಕೊನೆಗೆ ನೀರಿನ ಅಳತೆಯಷ್ಟನ್ನೇ ಬರೆದು ಕಳಿಸಿದಳು. ಇಂಜಿನಿಯರು ಬಂದು ಸ್ಟ್ಯಾಂಡನ್ನು ಅಲ್ಲಾಡಿಸಿ ನೋಡಿ, "ಬೋಲ್ಟ್ ಸಡಿಲ ಆಗಲ್ವಾ?" ಎಂದಷ್ಟೇ ಕೇಳಿದರು.

"ವಾರಕ್ಕೊಂದ್ಸಲ ಬಿಗಿ ಮಾಡ್ತೀನಿ ಸಾರ್."

ಆಮೇಲೆ ನೋಟೀಸಿನ ಸುದ್ದಿಯಿಲ್ಲ. ಬದಲಿಗೆ, ಏಳನೆಯ ತರಬೇತಿಗೆ ನೀವೇ ಬಂದು ಪಾಠ ಹೇಳಬೇಕು ಎಂಬ ಪತ್ರ ಬಂತು. ಅವಳು ಹಣೆ ಚಚ್ಚಿಕೊಂಡಳು. ಸಭಾಂಗಣಕ್ಕೆ ಬರುವುದಿಲ್ಲ, ಬೇಕಾದವರು ಪಂಪ್‌ಹೌಸಿಗೇ ಬರಲಿ ಎಂದಳು. ಸುತ್ತಲಿನ ಊರುಗಳ ಒಂಬತ್ತು ಆಪರೇಟರುಗಳು ಬಂದರು. ಅವರಲ್ಲೊಬ್ಬಳು ಸಂಕೋಚದಿಂದ, "ಅಕ್ಕ, ನಮ್ಮ ಗುಂಡಿ ಇನ್ನೂ ಆಳ. ನಾಲ್ಕಡಿ ಸಾಲಲ್ಲ ಅನ್ಸುತ್ತೆ" ಎಂದಳು.

"ನೀರು ಎಲ್ಲಿವರೆಗೆ ಬಂದಿತ್ತು?"

"ಅಳೆದಿಲ್ಲ ಅಕ್ಕ."

ಪಂಪಕ್ಕನಿಗೆ ರೇಗಿಹೋಯಿತು. "ಅಳೀದೆ ಅನ್ಸುತ್ತೆ ಅಂದ್ರೆ ಏನು ಎತ್ತೋದು, ಎಷ್ಟು ಎತ್ತೋದು?" ಎಂದು ಎಲ್ಲರೆದುರೇ ಬೈದಳು. ಬೈದದ್ದು ಹೆಚ್ಚಾಯಿತೆನಿಸಿ, ಆಕೆಯ ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಮುಂದಿನ ಭಾನುವಾರ ಭಾವನನ್ನೂ ಕರೆದುಕೊಂಡು ಆ ಬಸ್ಸು ಹತ್ತಿದಳು.