ಮಗನ ಪಾಸು, ಅವ್ವನ ತಿಕೀಟು

ನೇಸರಗಿಯ ಸಾವಿತ್ರೆವ್ವನಿಗೆ ಏನಾದರೂ ಕೊಡಬೇಕೆಂದರೆ ಕೊಡುವವರು ಮೊದಲು ಎದೆ ಗಟ್ಟಿ ಮಾಡಿಕೊಳ್ಳಬೇಕಾಗಿತ್ತು. ಪಕ್ಕದ ಮನೆಯವರು ಒಂದು ಬಟ್ಟಲು ಹುಗ್ಗಿ ಕಳಿಸಿದರೆ ಸಂಜೆಯೊಳಗೆ ಅದೇ ಬಟ್ಟಲಿನ ತುಂಬ ಶೇಂಗಾ ಚಟ್ನಿ ಮರಳಿ ಬಂದಿರುತ್ತಿತ್ತು. ಮಗ ನಿಜಗುಣಪ್ಪ ದಸರೆಗೆ ಇಳಕಲ್ ಸೀರೆ ತಂದುಕೊಟ್ಟ ಅನ್ನಿ, ಬನದ ಹುಣ್ಣಿಮೆಯೊಳಗೆ ಅವನ ಮನೆಗೆ ಒಂದು ಕೌದಿ ಹೋಗಿ ಮುಟ್ಟುತ್ತಿತ್ತು. ಆ ಕೌದಿಯ ಹೊಲಿಗೆ ನೋಡಿದರೆ ಸೀರೆ ನಾಚಬೇಕು, ಅಷ್ಟು ದುಡಿಮೆ ಅದರಲ್ಲಿ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಕೂಡ ಎಂಥ ಕೊಡುಕೊಳ್ಳುವ ವ್ಯವಹಾರ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ, ಅವಳಿಗೇನು!

ಅವಳ ಈ ಸೊಕ್ಕಿಗೆ ಕಾರಣವಿತ್ತು. ಗಂಡ ಬಸಲಿಂಗಪ್ಪ ತೀರಿಕೊಂಡಾಗ ನಿಜಗುಣಪ್ಪನಿಗೆ ಮೂರು ವರ್ಷ. ಕೂಸನ್ನು ಕಟ್ಟಿಕೊಂಡು ಒಂದು ವರ್ಷ ಮೈದುನನ ಮನೆಯಲ್ಲಿದ್ದಳು. ಕಸ, ಮುಸುರೆ, ಹೊಲದ ಕೆಲಸ ಎಲ್ಲ ಮಾಡಿದರೂ ಅವಳ ಗಂಗಾಳಕ್ಕೆ ಎರಡನೆಯ ರೊಟ್ಟಿ ಬೀಳುವಾಗ ನೆಗೆಣ್ಣಿಗೆ ತಪ್ಪದೆ ಕೆಮ್ಮು ಬರುತ್ತಿತ್ತು. ಹನ್ನೆರಡು ತಿಂಗಳು ಆ ಕೆಮ್ಮು ಕೇಳಿದಳು. ಹದಿಮೂರನೆಯ ತಿಂಗಳು ಕೂಸನ್ನು ಬಗಲಿಗೇರಿಸಿ ಹೊರಬಿದ್ದವಳು ಮಠದ ಓಣಿಯಲ್ಲಿ ಒಂದು ಕೋಣೆ ಹಿಡಿದು ಸೂಜಿ ದಾರ ಕೈಗೆತ್ತಿಕೊಂಡಳು. ಜನ ಹಳೆಯ ಸೀರೆ ಧೋತರ ತಂದು ಹಾಕುವುದು, ಇವಳು ಅವನ್ನು ತುಂಡು ಮಾಡಿ, ಬಣ್ಣ ನೋಡಿ ಜೋಡಿಸಿ, ಇರುವೆ ಸಾಲು ಹಿಡಿದಂತೆ ಹೊಲಿಗೆ ಹಾಕಿ ಕೌದಿ ಮಾಡಿಕೊಡುವುದು. ಬೈಲಹೊಂಗಲದ ಅರಳೆ ವ್ಯಾಪಾರಸ್ಥರ ಮನೆಯವರು ಕೂಡ ಮಗಳ ಬಾಣಂತನಕ್ಕೆ ಸಾವಿತ್ರೆವ್ವನ ಕೌದಿಯೇ ಬೇಕೆನ್ನುವ ಕಾಲ ಬಂತು. ಆ ಸೂಜಿಯ ಮೇಲೆ ಮಗ ಮ್ಯಾಟ್ರಿಕ್ ಮುಗಿಸಿದ, ಹುಬ್ಬಳ್ಳಿಯ ರೇಲ್ವೆ ಆಫೀಸಿನಲ್ಲಿ ನೌಕರಿ ಹಿಡಿದ, ಮದುವೆಯೂ ಆದ.

ನೌಕರಿಯಾಗಿ ನಾಲ್ಕು ವರ್ಷವಾದರೂ ಸಾವಿತ್ರೆವ್ವ ಒಂದು ಸಲವೂ ಹುಬ್ಬಳ್ಳಿಗೆ ಹೋಗಿರಲಿಲ್ಲ. ಹೋದರೆ ನಾಲ್ಕೆಂಟು ದಿನ ಅವನ ಮನೆಯಲ್ಲಿ ಕೂತು ಉಣ್ಣಬೇಕಲ್ಲ! ಆದರೆ ಈಗ ಸೊಸೆಗೆ ಐದು ತಿಂಗಳು. ಬರುವ ಮೊಮ್ಮಗುವಿಗೆಂದು ಚಿಕ್ಕದೊಂದು ಕೌದಿ ಹೊಲಿದು ಮುಗಿಸಿ, ದೀಪಾವಳಿ ದಾಟಿದ ಮೇಲೆ ಬರುತ್ತೇನೆಂದು ಕಾಗದ ಬರೆಸಿದಳು. ಎಪ್ಪತ್ತೇಳನೆಯ ಇಸವಿಯ ಮಾತು. ವಾರದೊಳಗೆ ರಿಜಿಸ್ಟರ್ ಟಪಾಲಿನಲ್ಲಿ ಒಂದು ಉತ್ತರ, ಅದರೊಳಗೆ ಇಂಗ್ಲಿಷಿನ ಒಂದು ಬಣ್ಣದ ಚೀಟಿ ಬಂತು. ಎರಡನ್ನೂ ತೆಗೆದುಕೊಂಡು ಅವಳು ಪಿಂಚಣಿಯಾಗಿದ್ದ ರಘೋತ್ತಮ ಮಾಸ್ತರರ ಕಟ್ಟೆಗೆ ಹೋದಳು.

“ನಸೀಬ ತಗದೀ ನೋಡವಾ ಸಾವಿತ್ರೆವ್ವಾ,” ಎಂದರು ಮಾಸ್ತರರು. “ರೇಲ್ವೆ ಪಾಸ್ ಅದ ಇದು. ಬೆಳಗಾವಿಯಿಂದ ಹುಬ್ಬಳ್ಳಿಗೆ ಹೋಗೋದು ಬರೋದು ಎರಡೂ ಪುಕ್ಕಟ. ನಿಮ್ಮ ಹುಡುಗ ಸ್ಟೇಷನ್‌ದಾಗ ನಿಂತಿರತಾನಂತ.”

“ಪುಕ್ಕಟ ಯಾಕ್ರಿ?”

“ನೌಕರದಾರನ ತಾಯಿ ಅಂತ. ಇಲ್ಲೇ ಬರದಾರ ನೋಡು. ನೌಕರನ ಮ್ಯಾಲೆ ಅವಲಂಬಿತಳಾದ ವಿಧವಾ ತಾಯಿ.”

“ಹಂಗಂದ್ರ?”

ಮಾಸ್ತರರು ನಲವತ್ತು ವರ್ಷ ಸಾಲೆಯಲ್ಲಿ ಕಲಿಸಿದವರು. ಯಾವ ಮಾತನ್ನೂ ಬಿಡಿಸಿ ಹೇಳದೆ ಅವರಿಗೆ ಸಮಾಧಾನವಿಲ್ಲ. ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಏನು ಹೋಗುತ್ತಿತ್ತೋ!

“ಹಂಗಂದ್ರ ಮಗಾ ಹಾಕಿದರ ಉಣ್ಣಾಕಿ, ಇಲ್ಲಾಂದ್ರ ಉಪವಾಸ. ಮಗನ ಹಂಗಿನಾಗ ಇರೋ ತಾಯಿ.”

ಸಾವಿತ್ರೆವ್ವ ಕೂತಲ್ಲಿಂದ ಎದ್ದೇ ನಿಂತಳು. “ಯಾವ ಖೋಡಿ ಬರದಾನ್ರಿ ಇದನ್ನ? ನಾ ಯಾರ ಹಂಗಿನ್ಯಾಗ ಅದೇನಿ? ಬೆರಳೆಲ್ಲಾ ತೂತು ಮಾಡ್ಕೊಂಡು ಅವನ್ನ ಮನಶ್ಯಾನ್ನ ಮಾಡೇನಿ. ಅವ ನನ್ನ ಹಂಗಿನ್ಯಾಗ ಬೆಳದಾನೋ, ನಾ ಅವನ ಹಂಗಿನ್ಯಾಗ ಬೆಳದೇನೋ?”

“ಅದು ಕಾಯದೇದ ಮಾತವಾ. ಮನಸಿಗೆ ಹಚ್ಚಿಕೋಬ್ಯಾಡ,” ಎಂದು ಮಾಸ್ತರರು ಸಮಾಧಾನಕ್ಕೆ ಬಂದರು. ಅಷ್ಟರಲ್ಲಿ ಅವಳು ಕಟ್ಟೆ ಇಳಿದು ಅರ್ಧ ಓಣಿ ದಾಟಿದ್ದಳು.

ಬಸ್ಸು ಹಿಡಿದರೆ ಧಾರವಾಡದ ಮೇಲೆ ಹಾಯ್ದು ಹುಬ್ಬಳ್ಳಿಗೆ ಬೇಗ ಮುಟ್ಟಬಹುದಿತ್ತು. ಆದರೆ ಮಗ ಸ್ಟೇಷನ್ನಿನಲ್ಲಿ ಕಾಯುತ್ತ ನಿಂತಿರುತ್ತಾನೆ. ಅದಕ್ಕೆ ರೈಲಿನಲ್ಲೇ ಹೋಗುವುದು, ಹೋಗುವುದು ಮಾತ್ರ ಸ್ವಂತ ತಿಕೀಟಿನ ಮೇಲೆ ಎಂದು ತೀರ್ಮಾನಿಸಿದಳು. ಇಳಿದ ಕೂಡಲೇ ಆ ತಿಕೀಟನ್ನೂ ಈ ಪಾಸನ್ನೂ ಮಗನ ಕೈಯಲ್ಲಿಟ್ಟು, “ತಗೋ ನಿಜಗುಣಿ, ನಿಮ್ಮವ್ವ ಯಾರ ಹಂಗಿನ್ಯಾಗೂ ಬಂದಿಲ್ಲ,” ಎನ್ನಬೇಕು. ನಸುಕಿನ ಬಸ್ಸಿನಲ್ಲಿ ನೇಸರಗಿಯಿಂದ ಬೆಳಗಾವಿಯ ತನಕ ಈ ಮಾತನ್ನು ಸಾಲೆಯ ಹುಡುಗರಂತೆ ಬಾಯಿಪಾಠ ಮಾಡಿದಳು.

ಬೆಳಗಾವಿ ಸ್ಟೇಷನ್ನಿನ ಕಿಂಡಿಯಲ್ಲಿ ಕೈ ತೂರಿಸಿ ರಟ್ಟಿನ ತಿಕೀಟು ತೆಗೆಸಿದಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಬೆರಳಗಲದ ರಟ್ಟು, ಅದಕ್ಕೆ ನಡುವೆ ಒಂದು ತೂತು. ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಪಾಸಿನ ಪಕ್ಕಕ್ಕೇ ಇಟ್ಟುಕೊಂಡು ಗಾಡಿ ಹತ್ತಿದಳು.

ಕಿಡಕಿಯ ಬದಿಗೆ ಜಾಗ ಸಿಕ್ಕಿತು. ಗಾಡಿ ಬಿಟ್ಟಿತು. ಸಾವಿತ್ರೆವ್ವ ಅಂಥ ಸುಖವನ್ನು ಕಂಡವಳಲ್ಲ. ತಾನು ಸುಮ್ಮನೆ ಕೂತಿರುವುದು, ಹೊಲ ಮನೆ ದನಕರುಗಳೆಲ್ಲ ತಾವಾಗಿ ಓಡಿ ಬಂದು ಮುಖ ತೋರಿಸಿ ಹೋಗುವುದು! ಎಂಜಿನ್ನಿನ ಇದ್ದಲಿ ಪುಡಿ ಕಣ್ಣಿಗೆ ಬಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಅಲ್ಲೇ ನೋಡಿದಳು. ಖಾನಾಪುರ ಬರುವಷ್ಟರಲ್ಲಿ ಬುತ್ತಿ ಬಿಚ್ಚಿ, ಎದುರಿಗಿದ್ದ ಅಪರಿಚಿತ ಹೆಂಗಸಿಗೂ ಅವಳ ಎರಡು ಮಕ್ಕಳಿಗೂ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಂಚಿದಳು. ಆ ಹೆಂಗಸು ತಿರುಗಿ ಬಾಳೆಹಣ್ಣು ಕೊಡಲು ಬಂದಾಗ ಮಾತ್ರ “ಒಲ್ಲೆವ್ವಾ, ನನಗ ಹೊಟ್ಟಿ ತುಂಬೈತಿ,” ಎಂದಳು. ಹೊಟ್ಟೆ ಏನೂ ತುಂಬಿರಲಿಲ್ಲ.

ಖಾನಾಪುರ ಬಿಟ್ಟ ಮೇಲೆ ಕರಿ ಕೋಟಿನ ಟಿಸಿ ಬಂದರು. ಐವತ್ತರ ವಯಸ್ಸಿನ, ಮೂಗಿನ ತುದಿಗೆ ಚಷ್ಮಾ ಇಳಿಬಿಟ್ಟ ಮನುಷ್ಯ. ಸಾವಿತ್ರೆವ್ವ ಬಹಳ ಠೀವಿಯಿಂದ ಸಂಚಿ ಬಿಚ್ಚಿ ತಿಕೀಟು ಎಳೆದಳು. ಜೊತೆಗೆ ಪಾಸೂ ಜಾರಿ ಅವರ ಬೂಟಿನ ಬಳಿ ಬಿತ್ತು. ಟಿಸಿ ಅದನ್ನು ಎತ್ತಿ, ಓದಿ, ಚಷ್ಮಾದ ಮೇಲಿನಿಂದ ಅವಳನ್ನು ನೋಡಿದರು.

“ಅವ್ವಾ, ನೀವು ನಮ್ಮ ನಿಜಗುಣಪ್ಪನ ತಾಯಿ ಏನ್ರಿ?”

“ಹೌದ್ರೀಯಪ್ಪಾ. ನಿಮಗ ಹೆಂಗ ಗೊತ್ತು?”

“ನಾ ನೀಲಕಂಠರಾವ್. ಕ್ವಾರ್ಟರ್ಸಿನಾಗ ಅವನ ಬಾಜೂ ಮನಿ ನಂದು. ಆದ್ರ ಇದೇನ್ರಿ ನಿಮ್ಮ ಕಾರಭಾರ? ತಿಕೀಟಿಲ್ಲದ ಹತ್ತಿದವರನ್ನ ದಿನಾ ಹಿಡೀತೇನಿ. ಪಾಸು, ತಿಕೀಟು ಎರಡೂ ಇಟಗೊಂಡು ಹತ್ತಿದವರನ್ನ ನನ್ನ ಸರ್ವೀಸಿನಾಗ ಇವತ್ತs ನೋಡಿದ್ದು!”

“ಆ ಕಾಗದದಾಗ ನನಗ ಮಗನ ಹಂಗಿನಾಕಿ ಅಂತ ಬರದಾರ್ರಿ,” ಎಂದಳು ಸಾವಿತ್ರೆವ್ವ, ಮುಖ ಬಿಗಿದುಕೊಂಡು. “ಅದರ ಮ್ಯಾಲೆ ನಾ ಬರಂಗಿಲ್ಲ. ಅದನ್ನ ಹೊಳ್ಳಿ ಅವನ ಕೈಯಾಗ ಕೊಡಾಕ ಹೊಂಟೇನಿ.”

ನೀಲಕಂಠರಾಯರ ನಗೆ ನಿಂತಿತು. ಬೆಂಚಿನ ತುದಿಗೆ ಕೂತರು.

“ಹಂಗ ಮಾಡಬ್ಯಾಡ್ರಿ ಅವ್ವಾ. ಈ ಪಾಸಿನ ಸಲುವಾಗಿ ಅವ ಎಷ್ಟು ಅಡ್ಡಾಡ್ಯಾನ ನಿಮಗ ಗೊತ್ತಿಲ್ಲ. ಆ ದಾಖಲೆ ಈ ದಾಖಲೆ ಅಂತ ರಜಾ ಹಾಕಿ ಎರಡು ಸಲ ಬೈಲಹೊಂಗಲದ ತಾಲೂಕು ಕಚೇರಿಗೆ ಹೋಗಿ ಬಂದ.”

ಹೋದ ಶ್ರಾವಣದಲ್ಲಿ ಮಗ ಎರಡು ಸಲ ಊರಿಗೆ ಬಂದು, ಒಂದು ತಾಸು ಕೂತು, “ಹಿಂಗs ಈ ಕಡೆ ಕೆಲಸ ಇತ್ತವ್ವಾ,” ಎಂದು ಎದ್ದುಹೋದದ್ದು ಸಾವಿತ್ರೆವ್ವನಿಗೆ ನೆನಪಾಯಿತು.

“ಪಾಸು ಕೈಗೆ ಬಂದ ದಿವಸ ಇಡೀ ಆಫೀಸಿಗೆ ಪೇಢೆ ಹಂಚಿದ. ಏನಪಾ, ಇಷ್ಟ ಲಗೂನ ಗಂಡು ಹುಟ್ಟಿತೇನು ಅಂತ ನಾವು ಚಾಷ್ಟಿ ಮಾಡಿದಿವಿ. ಅದಕ್ಕ ಅವ ಏನಂದ ಹೇಳಲ್ಯಾ? ‘ನಮ್ಮವ್ವಗ ನಾ ಏನ ಕೊಟ್ಟರೂ ಅದಕ್ಕೊಂದು ಹೆಚ್ಚಿಗಿ ಮಾಡಿ ಹೊಳ್ಳಿ ಕಳಸ್ತಾಳ್ರಿ. ಹುಟ್ಟಿದಾಗಿಂದ ಆಕಿಗೆ ಏನೂ ಕೊಡಾಕ ಆಗಿಲ್ಲ ನನಗ. ಇದೊಂದನ್ನ ಆಕಿ ಹೊಳ್ಳಿ ಕೊಡಾಕ ಬರಂಗಿಲ್ಲ,’ ಅಂದ.”

ಹೊರಗೆ ಕಾಡು ಶುರುವಾಗಿತ್ತು, ಸಾವಿತ್ರೆವ್ವ ನೋಡಲಿಲ್ಲ. ಇಪ್ಪತ್ತೈದು ವರ್ಷ ತನ್ನ ಗಂಗಾಳದ ಮುಂದೆ ಕೆಮ್ಮುವವರಿಗೆ ಹೆದರಿ ಬದುಕಿದ್ದಳು. ಮಗ ಪ್ರೀತಿಯಿಂದ ಕೈ ಚಾಚಿದಾಗಲೆಲ್ಲ ಕೆಮ್ಮುತ್ತ ಬಂದವಳು ತಾನೇ ಎಂದು ಈಗ ಹೊಳೆಯಿತು. ಎಂಥ ಹುಚ್ಚಿ ನಾನು ಎಂದು ತನ್ನನ್ನೇ ಬೈದುಕೊಂಡಳು. ಪೇಢೆ ಹಂಚಿದವನ ಕೈಗೆ ಆ ಪಾಸನ್ನು ಮರಳಿ ಇಡುವುದಕ್ಕಿಂತ ಅವನ ಕಪಾಳಕ್ಕೆ ಹೊಡೆದರೆ ವಾಸಿ.

“ರಾಯರ, ನಿಮ್ಮ ಪೆನ್ನ ತಗೀರಿ,” ಎಂದಳು. “ಈ ಪಾಸಿನ ಮ್ಯಾಲೆ ಏನ ಬರೀಬೇಕೋ ಅದನ್ನ ಬರೀರಿ. ನಾ ಇದರ ಮ್ಯಾಲೆ ಬಂದೇನಿ ಅಂತ ಕಾಣಬೇಕು.”

“ತಿಕೀಟು ಅದ ಅಲ್ರಿ? ಅದು ಹಾಳಾಗತದ.”

“ಹಾಳಾಗಲಿ! ಇಷ್ಟು ದಿವಸ ನನ್ನ ತಲಿ ಹಾಳಾಗಿತ್ತು, ಅದಕ್ಕ ಯಾರೂ ಅಳಲಿಲ್ಲ.”

ನೀಲಕಂಠರಾಯರು ಸ್ವಲ್ಪ ವಿಚಾರ ಮಾಡಿದರು. ಒಬ್ಬಾಕೆ ಎರಡರ ಮೇಲೆ ಹೋಗಬಾರದೆಂದು ತಾವು ಓದಿದ ಯಾವ ಕಾಯದೆಯಲ್ಲೂ ಇಲ್ಲವೆಂದು ಹೇಳಿ, ಪಾಸಿನ ಮೇಲೆ ತಾರೀಖು ಹಾಕಿ ಅಂಕುಡೊಂಕು ಸಹಿ ಎಳೆದರು. ಸಾವಿತ್ರೆವ್ವ ರಟ್ಟಿನ ತಿಕೀಟನ್ನು ಒಂದು ಗಳಿಗೆ ಹಿಡಿದುಕೊಂಡಳು. ಅಂಗೈಯಗಲದ ಬಟ್ಟೆಯ ಚೂರನ್ನೂ ಎಸೆಯದ ಕೈ ಅದು. ಆಮೇಲೆ ಕಿಡಕಿಯಿಂದ ಹೊರಗೆ ಬಿಟ್ಟಳು. ಎದುರಿಗಿನ ಹೆಂಗಸು ಬಾಯಿ ತೆರೆದು ನೋಡಿದಳು.

“ಏನ ನೋಡ್ತೀಯವಾ,” ಎಂದು ಸಾವಿತ್ರೆವ್ವ ನಕ್ಕಳು. “ಎಲ್ಲಿ, ಆಗಳೆ ಬಾಳಿಹಣ್ಣು ಅಂದಿದ್ದೆಲ್ಲ, ಕೊಡು ಇಲ್ಲೆ.”

ಹಣ್ಣು ಸಿಹಿಯಾಗಿತ್ತು. ಇನ್ನೊಂದನ್ನೂ ಕೇಳಿ ತಿಂದಳು. ಲೋಂಡಾ, ಅಳ್ನಾವರ, ಧಾರವಾಡ ಎಲ್ಲ ದಾಟುವ ತನಕ ಅವಳಿಗೆ ಉಳಿದ ಚಿಂತೆ ಒಂದೇ. ಬಾಯಿಪಾಠ ಮಾಡಿದ ಆ ಹಾಳು ಮಾತು ರೂಢಿಯಲ್ಲಿ ಎಲ್ಲಿ ಬಾಯಿಗೆ ಬಂದುಬಿಡುತ್ತದೋ ಎಂದು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಿಜಗುಣಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಡಬ್ಬಿಯಿಂದ ಡಬ್ಬಿಗೆ ಓಡಾಡುತ್ತಿದ್ದ. ಅವ್ವನನ್ನು ಕಂಡು ಓಡಿಬಂದು ಕಾಲು ಮುಟ್ಟಿದ. ಎದ್ದವನು ಆರಾಮ ಅದೀಯೇನು ಎಂದು ಕೂಡ ಕೇಳಲಿಲ್ಲ.

“ಪಾಸು ತೋರಿಸಿದಿ ಏನವ್ವಾ? ಯಾರೂ ತ್ರಾಸ ಕೊಡಲಿಲ್ಲಲ್ಲ?”

ಅವನ ಮುಖ ನೋಡಿದರೆ ಮ್ಯಾಟ್ರಿಕ್ ರಿಜಲ್ಟಿಗೆ ಕಾದು ನಿಂತ ಹುಡುಗನ ಮುಖವೇ. ಸಾವಿತ್ರೆವ್ವ ಸಂಚಿಯಿಂದ ಪಾಸು ತೆಗೆದು, ಸಹಿಯ ಕಡೆ ಮೇಲೆ ಮಾಡಿ ತೋರಿಸಿದಳು.

“ತ್ರಾಸ? ನಿನ್ನ ಪಾಸು ನೋಡಿದ ಕೂಡಲೇ ಟಿಸಿ ಸಾಹೇಬ್ರು ಕೈ ಮುಗದು, ಕಿಡಕಿ ಬಾಜೂ ಕುಂಡ್ರಿಸಿ, ಆರಾಮ ಹೋಗ್ರಿ ಅವ್ವಾರ ಅಂದ್ರು. ಹೌದಿಲ್ಲೋ ಕೇಳು ಬೇಕಾದ್ರ.”

ಹಿಂದೆ ಇಳಿದ ನೀಲಕಂಠರಾಯರು ಒಂದಿಷ್ಟೂ ನಗದೆ ಅವಳಿಗೆ ಕೈ ಮುಗಿದರು. ನಿಜಗುಣಪ್ಪನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು. ಅವ್ವನ ಗಂಟನ್ನು ಕಿತ್ತುಕೊಂಡು ಬಗಲಿಗೆ ಹಾಕಿಕೊಂಡ. ಅವಳು ಬೇಡವೆನ್ನಲಿಲ್ಲ.

ಹೊರಗೆ ಹೋಗಲು ಹಳಿಗಳ ಮೇಲಿನ ಪೂಲು ಹತ್ತಬೇಕಿತ್ತು.

“ಮೆಟ್ಟಲಾ ಭಾಳ ಅದಾವವ್ವಾ. ನನ್ನ ಹೆಗಲ ಹಿಡಕೋ.”

ಸಾವಿತ್ರೆವ್ವನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಹೋದ ಹುಣ್ಣಿಮೆಗೆ ಉಗರಗೋಳದಿಂದ ಯಲ್ಲಮ್ಮನ ಗುಡ್ಡಕ್ಕೆ ಹರೆಯದವರನ್ನು ಹಿಂದೆ ಹಾಕಿ ನಡೆದವಳು. ಆದರೂ ಮಗನ ಹೆಗಲು ಹಿಡಿದಳು. ಎರಡು ಮೆಟ್ಟಿಲು ಹತ್ತಿದ ಮೇಲೆ, ಬರಿ ಕೈ ಇಟ್ಟರೆ ಇವನಿಗೆ ತಿಳಿದುಬಿಡುತ್ತದೆ ಎನಿಸಿ, ಮೈಭಾರವನ್ನೆಲ್ಲ ಅವನ ಮೇಲೆ ಬಿಟ್ಟಳು.

“ಸಾವಕಾಶ ಬಾರವ್ವಾ,” ಎಂದ ಮಗ.

“ಬರಾಕತ್ತೇನಿ. ನೀ ಇದ್ದಿ ಅಂತ ಹತ್ತಾಕತ್ತೇನಿ ನೋಡು,” ಎಂದಳು ಸಾವಿತ್ರೆವ್ವ.