ಸಸ್ತನಿಗಳ ಪಾಠವೂ ಮೊಳ ಮಲ್ಲಿಗೆಯೂ

ಮೂವತ್ತಕ್ಕೇ ತಲೆ ಬೋಳಾದವನು ಜೀವಶಾಸ್ತ್ರ ಕಲಿಸಬಾರದು. ಇಳಕಲ್ಲಿನ ನಮ್ಮ ಹೈಸ್ಕೂಲಿನಲ್ಲಿ ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ‘ಸಸ್ತನಿಗಳ ಲಕ್ಷಣಗಳು: ಮೈಮೇಲೆ ಕೂದಲು’ ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನವರು ಕಿಸಕ್ಕೆಂದಿರುತ್ತಾರೆ. ನಾನೂ ಬಿಡುವವನಲ್ಲ. ಹುಬ್ಬು ತೋರಿಸಿ, ಇಷ್ಟಿದ್ದರೂ ಸಾಕು, ಬಳಗದಿಂದ ಹೊರಗೆ ಹಾಕುವುದಿಲ್ಲ ಎನ್ನುತ್ತೇನೆ.

ಜಿರಾಫೆಯ ಕತ್ತಿನಲ್ಲಿ ಏಳೇ ಎಲುಬು, ನನ್ನ ಕತ್ತಿನಲ್ಲೂ ಏಳೇ. ಅದು ಕತ್ತೆತ್ತಿ ಮರದ ತುದಿ ಮೇಯುತ್ತದೆ, ನಾನು ಹೆಡ್‌ಮಾಸ್ತರರ ಮುಂದೆ ಬಗ್ಗಿಸುತ್ತೇನೆ. ಬಾದಾಮಿಯ ಗವಿಗಳಲ್ಲಿ ತಲೆಕೆಳಗಾಗಿ ಜೋತುಬಿದ್ದ ಬಾವಲಿಯೂ ನಮ್ಮ ನಂಟನೇ. ರೆಕ್ಕೆಯಿದ್ದರೇನು, ಮರಿಗೆ ಹಾಲೂಡುತ್ತದೆ. ಹಾಲೊಂದಿದ್ದರೆ ಉಳಿದದ್ದೆಲ್ಲ ಮಾಫಿ.

ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಶಿವರಾತ್ರಿಯ ಹಿಂದೆಮುಂದೆ, ಇದೇ ಪಾಠವನ್ನು ಪರೀಕ್ಷೆಗೆಂದು ಮತ್ತೊಮ್ಮೆ ಓದಿಸುತ್ತಿದ್ದೆ. ಆಗಲೇ ನಮ್ಮ ಮೊದಲ ಕೂಸು ಹುಟ್ಟಿದ ಮರುದಿನ ತೀರಿಕೊಂಡಿತು. ಹೆಂಡತಿ ನೀಲಮ್ಮ ಅಳಲಿಲ್ಲ. ಗೋಡೆಗೊರಗಿ ಕೂತುಬಿಟ್ಟಳು. ಅವಳಿಗೆ ಹಾಲು ಮಾತ್ರ ಬಂತು. ಕೂಸಿಲ್ಲವೆಂಬ ಸುದ್ದಿ ಓಣಿಗೆಲ್ಲ ಮುಟ್ಟಿತ್ತು, ಅವಳ ಮೈಗೆ ಮುಟ್ಟಿರಲಿಲ್ಲ. ಪಕ್ಕದ ನೇಕಾರರ ಮನೆಯ ಕೂಸು ಮಗ್ಗದ ಸದ್ದಿಗೆ ಎಚ್ಚೆತ್ತು ಅತ್ತರೆ ಸಾಕು, ಇವಳ ಕುಪ್ಪಸ ನೆನೆಯುತ್ತಿತ್ತು. ಸೆರಗು ಎಳೆದುಕೊಳ್ಳುತ್ತಿದ್ದಳು, ನಾನು ಮುಖ ತಿರುಗಿಸುತ್ತಿದ್ದೆ. ಹೊರಕಿವಿ ಸಸ್ತನಿಯ ಇನ್ನೊಂದು ಲಕ್ಷಣ ನೋಡಿ. ಎಮ್ಮೆ ಅದನ್ನು ಬೇಕಾದತ್ತ ಹೊರಳಿಸುತ್ತದೆ. ನಮಗೆ ಕೊಟ್ಟ ಕಿವಿ ಹೊರಳುವುದೂ ಇಲ್ಲ, ಅದಕ್ಕೆ ಕದವೂ ಇಲ್ಲ. ಯಾರ ಮುಂದೆ ತಕರಾರು ಹೇಳುವುದು?

ಬಾಣಂತನಕ್ಕೆಂದು ಕಮತಗಿಯಿಂದ ಬಂದಿದ್ದ ನಮ್ಮತ್ತೆ, ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದರು. ನನ್ನ ಪುಸ್ತಕದಲ್ಲಿ ಹಾಲು ಬರುವುದಷ್ಟೇ ಇತ್ತು, ಬತ್ತಿಸುವುದು ಇರಲಿಲ್ಲ. ಸರಿ, ದಿನಾ ಸಂಜೆ ಪೇಟೆಗೆ ಹೋಗಿ ಮೊಳಗಟ್ಟಲೆ ಮಲ್ಲಿಗೆ ತರತೊಡಗಿದೆ. ಹೂ ಮಾರುವ ಮುದುಕಿಗೆ ನಮ್ಮನೆಯ ಸಂಗತಿ ಗೊತ್ತಿರಲಿಲ್ಲ.

“ಲಗ್ನಾದ ಹೊಸದರಾಗ ಸೈತ ಇಷ್ಟು ಹೂವು ಒಯ್ದಿಲ್ಲ ನೀವು. ಈಗೇನ್ರಿ ಮಾಸ್ತರ, ಒಮ್ಮಿಂದೊಮ್ಮೆಲೆ?” ಎಂದು ನಕ್ಕು ಒಂದು ಗೇಣು ಹೆಚ್ಚಿಗೆ ಕೊಟ್ಟಳು. ನಾನೂ ಹಲ್ಲು ಕಿರಿದೆ. ಬೇರೇನು ಮಾಡಲಿ, ನೀವೇ ಹೇಳಿ. ಬೋಳುತಲೆಯ ಮಾಸ್ತರ ಹೂವಿನ ಪೊಟ್ಟಣ ಹಿಡಿದು ನಡೆದರೆ ಯಾರಿಗಾದರೂ ನಗೆ ಬಂದೀತು. ದಾರಿಯುದ್ದಕ್ಕೂ ಆ ಪೊಟ್ಟಣವನ್ನು ಮೂಗಿನಿಂದ ದೂರ ಹಿಡಿದೇ ನಡೆಯುತ್ತಿದ್ದೆ.

ಯಾರ ಮುಡಿಯಲ್ಲೂ ಒಂದು ಎಸಳಿಲ್ಲದ ಮನೆ ಮಲ್ಲಿಗೆಯಿಂದ ಘಮಘಮಿಸಿತು. ಬೆಳಿಗ್ಗೆ ಕಂದಿದ ಹೂಗಳನ್ನು ಅತ್ತೆ ಹಿತ್ತಲಿಗೆ ಒಯ್ದು ಮಣ್ಣು ಮುಚ್ಚುತ್ತಿದ್ದರು. ಇವತ್ತಾದರೂ ಬತ್ತಲಪ್ಪಾ ಎಂದು ನಾನು ಬಸವಣ್ಣನನ್ನು ಬೇಡಿಕೊಳ್ಳುತ್ತಿದ್ದೆ. ಹಾಲು ನಿಂತರೆ ಅವಳ ಸಂಕಟವೂ ನಿಂತೀತೆಂದು ನಂಬಿದ್ದೆ.

ಒಂದು ಸಂಜೆ ನಾನು ಹೂ ತಂದು ಕೆಳಗಿಡುವಾಗ ಪಕ್ಕದ ಮನೆಯ ಕೂಸು ಅತ್ತಿತು. ನೀಲಮ್ಮ ಸೆರಗು ಎಳೆದುಕೊಳ್ಳಲಿಲ್ಲ. ಕುಪ್ಪಸದ ಮೇಲೆ ಕೈಯಿಟ್ಟು ನೋಡಿಕೊಂಡಳು. ಒಣಗಿತ್ತು. ಸದ್ಯ, ಬತ್ತಿತಲ್ಲ, ಎಂದೆ ನಾನು, ಪೆದ್ದ.

“ಅದೂ ಹೋತ್ರಿ,” ಅಂದಳು. “ಕೂಸಿಂದಂತ ಅದೊಂದು ಉಳದಿತ್ತು.”

ಅವತ್ತು ಮೊದಲ ಸಲ ಅತ್ತಳು. ಮಲ್ಲಿಗೆ ಪೊಟ್ಟಣದಲ್ಲೇ ಬಾಡಿತು. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಪಾಠ ಈಗಲೂ ಮಾಡುತ್ತೇನೆ. ‘ಮರಿಗಳಿಗೆ ಹಾಲೂಡುತ್ತವೆ’ ಎಂದು ಬರೆದ ಮೇಲೆ ತಿರುಗದೆ, ಬೋರ್ಡಿಗೇ ಮುಖ ಮಾಡಿ ತುಸು ಹೊತ್ತು ನಿಲ್ಲುತ್ತೇನೆ. ಹಿಂದಿನ ಬೆಂಚಿನವರು ಬೋಳುತಲೆ ನೋಡಿ ನಗುತ್ತಾರೆ. ನಗಲಿ. ಆ ಹೊತ್ತಿನಲ್ಲಿ ಮಕ್ಕಳಿಗೆ ನನ್ನ ಮುಖ ಕಾಣುವುದಕ್ಕಿಂತ ಬೋಳುತಲೆ ಕಾಣುವುದೇ ಲೇಸು.